ನಿಮಗಿದು ಗೊತ್ತೇ? ಪ್ರಳಯದ ಮರುದಿನ ಕಳ್ಳರು ಯಾರು?

ಅಣುಬಾಂಬು ಬಿದ್ದಾಯ್ತು, ಸರ್ಕಾರ ಹೋಯ್ತು, ಪೊಲೀಸ್ ಠಾಣೆಯಲ್ಲಿ ಜೇಡ ಬಲೆ ಕಟ್ಟಿದೆ. ಇನ್ನು ಮನುಷ್ಯ ಏನು ಮಾಡುತ್ತಾನೆ? ಬಹುಪಾಲು ವಿಡಿಯೊ ಗೇಮ್‌ಗಳ ಉತ್ತರ ಒಂದೇ: ಮೈಗೆ ಟಯರ್ ತುಂಡು ಕಟ್ಟಿಕೊಂಡು, ಮೊಳೆ ಹೊಡೆದ ದೊಣ್ಣೆ ಹಿಡಿದು, ದಾರಿಹೋಕರ ಮೇಲೆ ಬೀಳುತ್ತಾನೆ. ಊರುಗಳು ನಿಜವಾಗಿಯೂ ಮುಳುಗಿದಾಗ, ಕತ್ತಲಾದಾಗ, ಮುತ್ತಿಗೆಗೆ ಸಿಕ್ಕಾಗ ನಡೆದದ್ದರ ಪಕ್ಕದಲ್ಲಿ ಈ ಗೇಮ್‌ಗಳನ್ನು ಇಟ್ಟು ನೋಡಿದರೆ ಕೆಲವು ಕಡೆ ನಗು ಬರುತ್ತದೆ, ಕೆಲವು ಕಡೆ ಬೆವರು.

◆ ‘ಫಾಲ್‌ಔಟ್ 3’ (2008) ಗೇಮ್‌ನ ಕಥೆ ನಡೆಯುವುದು ಅಣುಯುದ್ಧವಾಗಿ 200 ವರ್ಷ ಕಳೆದ ಮೇಲೆ. ಆದರೂ ಜನ ವಾಸವಿರುವ ಮನೆಯೊಳಗೇ ಒಡೆದ ಇಟ್ಟಿಗೆ, ಹರಿದ ಕಾಗದ, ಎಲ್ಲೆಂದರಲ್ಲಿ ಅಸ್ಥಿಪಂಜರ. ಇನ್ನೂರು ವರ್ಷದಲ್ಲಿ ಒಬ್ಬರೂ ಪೊರಕೆ ಹಿಡಿದಿಲ್ಲ! ನಿಜವಾಗಿ ಬಾಂಬು ಬಿದ್ದ ಹಿರೋಷಿಮಾದಲ್ಲಿ ಏನಾಯ್ತು? 1945ರ ಆಗಸ್ಟ್ 6ಕ್ಕೆ ಬಾಂಬು. ಆಗಸ್ಟ್ 9ಕ್ಕೆ, ಅಂದರೆ ಮೂರೇ ದಿನಕ್ಕೆ, ಊರಿನ ಒಂದು ಭಾಗದಲ್ಲಿ ಟ್ರಾಮ್ ಮತ್ತೆ ಓಡಿತು. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಆ ಕಾಲದಲ್ಲಿ ಟ್ರಾಮ್ ಓಡಿಸಿ ಟಿಕೆಟ್ ಹರಿಯುತ್ತಿದ್ದವರಲ್ಲಿ ಶಾಲೆಗೆ ಹೋಗುವ ವಯಸ್ಸಿನ ಹುಡುಗಿಯರೂ ಇದ್ದರು.

◆ ಇದೇ ‘ಫಾಲ್‌ಔಟ್ 3’ ಎಕ್ಸ್‌ಬಾಕ್ಸ್‌ನಲ್ಲಿ ಭಾರತಕ್ಕೆ ಬರಲೇ ಇಲ್ಲ. ಇಲ್ಲಿನ ‘ಸಾಂಸ್ಕೃತಿಕ ಸೂಕ್ಷ್ಮತೆ’ಯ ಕಾರಣ ಬಿಡುಗಡೆ ಮಾಡುತ್ತಿಲ್ಲ ಎಂದಷ್ಟೇ ಮೈಕ್ರೋಸಾಫ್ಟ್ 2008ರಲ್ಲಿ ಹೇಳಿತು. ಗೇಮರ್‌ಗಳ ಕಣ್ಣು ಮಾತ್ರ ನೇರ ಹೋದದ್ದು ಅದರಲ್ಲಿರುವ ಎರಡು ತಲೆಯ ದನದ ಮೇಲೆ. ಅದರ ಹೆಸರು ‘ಬ್ರಾಹ್ಮಿನ್’. ಅದನ್ನು ಕೊಂದು ತಿನ್ನಲೂಬಹುದು.

◆ ಆಸ್ಟ್ರೇಲಿಯಾದ ತಕರಾರೇ ಬೇರೆ. ತಲೆ ಹಾರಿಸುವುದಕ್ಕೆ, ಊರಿಗೆ ಊರನ್ನೇ ಸುಡುವುದಕ್ಕೆ ಅಲ್ಲಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಗೇಮ್‌ನಲ್ಲಿ ‘ಮಾರ್ಫಿನ್’ ಎಂಬ ನಿಜವಾದ ಔಷಧದ ಹೆಸರಿದೆ ಎಂದು ಪ್ರಮಾಣಪತ್ರ ನಿರಾಕರಿಸಿದರು. ಕಂಪನಿ ಅದನ್ನು ‘ಮೆಡ್-ಎಕ್ಸ್’ ಎಂದು ಬದಲಿಸಿತು, ಎಲ್ಲವೂ ಸುಸೂತ್ರವಾಯಿತು. ಜಪಾನಿನ ಆವೃತ್ತಿಯಲ್ಲಿ ಊರಿನ ನಡುವೆ ಬಿದ್ದಿರುವ ಅಣುಬಾಂಬನ್ನು ಸ್ಫೋಟಿಸುವ ಆಯ್ಕೆಯನ್ನೇ ತೆಗೆದುಹಾಕಲಾಯಿತು. ಅದಕ್ಕೆ ಕಾರಣ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

◆ ಪಾಪ-ಪುಣ್ಯದ ಲೆಕ್ಕವೂ ಈ ಗೇಮ್‌ನಲ್ಲಿದೆ. ಹೆಸರು ‘ಕರ್ಮ’. ಸುತ್ತ ನರಪಿಳ್ಳೆ ಇಲ್ಲದಿದ್ದರೂ ಪರರ ಮನೆಯ ವಸ್ತು ಎತ್ತಿಕೊಂಡರೆ ಕರ್ಮ ಇಳಿಯುತ್ತದೆ. ಚಿತ್ರಗುಪ್ತನ ಕಣ್ಣು ತಪ್ಪಿಸುವಂತಿಲ್ಲ. ಏರಿಸುವ ದಾರಿ ಮಾತ್ರ ಬಲು ಸುಲಭ. ಊರ ಬಾಗಿಲಲ್ಲಿ ಕುಳಿತ ಭಿಕ್ಷುಕನಿಗೆ ಶುದ್ಧ ನೀರಿನ ಬಾಟಲಿ ಕೊಡುತ್ತಾ ಹೋದರೆ ಸಾಕು. ಕೊಲೆಗೂ ನೀರಿನ ಬಾಟಲಿಗೂ ಒಂದೇ ತಕ್ಕಡಿ! ಮನುಷ್ಯ ಸ್ವಭಾವದ ವಿಷಯದಲ್ಲಿ ಇಷ್ಟು ಅವಾಸ್ತವವಾದದ್ದು ಇನ್ನೊಂದಿಲ್ಲ ಅಂತ ಹೇಳಹೊರಟೆ, ನಮ್ಮ ಕೆಲವು ದೊಡ್ಡ ದಾನಿಗಳು ನೆನಪಾಗಿ ಸುಮ್ಮನಾದೆ.

◆ ಪ್ರಳಯದ ಗೇಮ್‌ನಲ್ಲಿ ಆಟಗಾರ ಅತಿ ಹೆಚ್ಚು ಮಾಡುವ ಕೆಲಸ ಗುಂಡು ಹಾರಿಸುವುದಲ್ಲ, ಕಪಾಟು ತೆರೆಯುವುದು. ಗೇಮರ್ ಭಾಷೆಯಲ್ಲಿ ಅದು ‘ಲೂಟ್’. ನಾಯಕ ತೆಗೆದರೆ ಬದುಕುಳಿಯುವ ಜಾಣ್ಮೆ, ಎದುರಾಳಿ ತೆಗೆದರೆ ದರೋಡೆ. ಇದನ್ನು ಗೇಮ್‌ನವರು ಕಂಡುಹಿಡಿದದ್ದೇನಲ್ಲ. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಎರಡು ಸುದ್ದಿಸಂಸ್ಥೆಗಳ ಎರಡು ಫೋಟೊಗಳು ಜಗತ್ತನ್ನೆಲ್ಲ ಸುತ್ತಿದವು. ಎರಡರಲ್ಲೂ ಎದೆಮಟ್ಟದ ನೀರಿನಲ್ಲಿ ಆಹಾರ ಹಿಡಿದು ನಡೆಯುವವರು. ಕರಿಯ ಹುಡುಗನ ಫೋಟೊ ಕೆಳಗೆ ‘ಅಂಗಡಿ ಲೂಟಿ ಮಾಡಿ’ ಎಂದಿತ್ತು. ಬಿಳಿಯ ಜೋಡಿಯ ಕೆಳಗೆ ಬ್ರೆಡ್ಡು ‘ಸಿಕ್ಕಿತು’ ಎಂದಿತ್ತು.

◆ ಅದೇ ಊರಿನ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಸಾವಿರಾರು ಸಂತ್ರಸ್ತರು ಆಶ್ರಯ ಪಡೆದಿದ್ದರು. ಒಳಗೆ ಕೊಲೆಗಳು, ಅತ್ಯಾಚಾರಗಳು, ಹೆಣಗಳ ರಾಶಿ ಎಂದು ಟಿವಿಗಳು ಬೊಬ್ಬೆ ಹೊಡೆದವು. ಪೊಲೀಸ್ ಮುಖ್ಯಸ್ಥರೇ ಟಿವಿಯಲ್ಲಿ ಕೂತು ಅಂಥ ಮಾತು ಆಡಿದರು. ಹೆಣ ಸಾಗಿಸಲು ಶೀತಲೀಕರಿಸಿದ ದೊಡ್ಡ ಲಾರಿ ಬಂತು. ಇನ್ನೂರಾದರೂ ಇರಬಹುದೆಂಬ ಅಂದಾಜು. ಸಿಕ್ಕ ಹೆಣಗಳು ಆರು. ನಾಲ್ಕು ಸಹಜ ಸಾವು, ಒಂದು ಮಾದಕವಸ್ತುವಿನಿಂದ, ಒಂದು ಮೇಲಿನಿಂದ ಹಾರಿ ಮಾಡಿಕೊಂಡ ಆತ್ಮಹತ್ಯೆ. ಪೊಲೀಸ್ ಮುಖ್ಯಸ್ಥರು ಸೆಪ್ಟೆಂಬರ್‌ನಲ್ಲೇ ರಾಜೀನಾಮೆ ಕೊಟ್ಟರು.

ಹಾಗಂತ ಅಲ್ಲಿ ಕೊಲೆಯೇ ಆಗಲಿಲ್ಲವೇ? ಆಯಿತು. ಸೆಪ್ಟೆಂಬರ್ 4ರಂದು ಡ್ಯಾನ್ಜಿಗರ್ ಸೇತುವೆಯ ಮೇಲೆ ನಿರಾಯುಧರಾಗಿ ನಡೆದು ಹೋಗುತ್ತಿದ್ದವರ ಮೇಲೆ ಗುಂಡು ಹಾರಿತು. ಇಬ್ಬರು ಸತ್ತರು, ನಾಲ್ವರು ಗಾಯಗೊಂಡರು. ಸತ್ತವರಲ್ಲಿ ಒಬ್ಬ ಬುದ್ಧಿಮಾಂದ್ಯ. ಅವನಿಗೆ ಗುಂಡು ಬಿದ್ದದ್ದು ಬೆನ್ನಿಗೆ. ಹೊಡೆದವರು ಪೊಲೀಸರು. ಪ್ರಕರಣ ಮುಚ್ಚಿಹಾಕಲು ಸುಳ್ಳು ಸಾಕ್ಷಿಯನ್ನೂ ಸೃಷ್ಟಿಸಿದ್ದರು, 2016ರಲ್ಲಿ ತಪ್ಪೊಪ್ಪಿಕೊಂಡರು.

◆ ಹಿಂದೆಯೂ ಹೀಗೆಯೇ. 1906ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಹೊತ್ತಿ ಉರಿಯುವಾಗ ಮೇಯರ್ ಯೂಜಿನ್ ಶ್ಮಿಟ್ಸ್ ಹೊರಡಿಸಿದ ಆದೇಶ: ಲೂಟಿ ಮಾಡುವವರನ್ನು ಕಂಡಲ್ಲಿ ಕೊಲ್ಲಿ. ಜನ ಹುಚ್ಚೆದ್ದಾರು ಎಂದು ಅಧಿಕಾರದಲ್ಲಿರುವವರೇ ಗಾಬರಿಬಿದ್ದು ಅನಾಹುತ ಮಾಡುವುದಕ್ಕೆ ಸಂಶೋಧಕರಾದ ಕ್ಯಾರನ್ ಚೆಸ್ ಮತ್ತು ಲೀ ಕ್ಲಾರ್ಕ್ ‘ಮೇಲಿನವರ ಗಾಬರಿ’ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ.

ಈ ವಿಷಯದಲ್ಲಿ ‘ದಿ ಲಾಸ್ಟ್ ಆಫ್ ಅಸ್’ (2013) ಗೇಮ್‌ಗೆ ನನ್ನ ಪೂರ್ತಿ ಅಂಕ. ಅದರಲ್ಲಿ ಶಿಲೀಂಧ್ರ ಅಂಟಿದವರಷ್ಟೇ ಭಯ ಹುಟ್ಟಿಸುವುದು ರೇಷನ್ ಹಂಚುವ, ಚೆಕ್‌ಪೋಸ್ಟ್ ಕಾಯುವ, ಸಾಲಾಗಿ ಮಂಡಿಯೂರಿಸಿ ತಪಾಸಣೆ ಮಾಡುವ ಸೈನಿಕರು. ನಾಯಕ ಜೋಯಲ್‌ನ ಕಸುಬು ಕಳ್ಳಸಾಗಣೆ. ರೇಷನ್ ಇದ್ದಲ್ಲಿ ಕಾಳಸಂತೆ ಇದ್ದೇ ಇರುತ್ತದೆ ಎಂಬುದು ಈ ಗೇಮ್ ಬರೆದವರಿಗೆ ಗೊತ್ತಿದೆ.

◆ ವಿಪತ್ತಿನಲ್ಲಿ ಜನ ನಿಜಕ್ಕೂ ಹೇಗೆ ವರ್ತಿಸುತ್ತಾರೆ ಎಂದು ನೋಡುವುದಕ್ಕಾಗಿಯೇ ಅಮೆರಿಕದಲ್ಲಿ 1963ರಲ್ಲಿ ಒಂದು ಕೇಂದ್ರ ಹುಟ್ಟಿಕೊಂಡಿತು. ಅದರ ಸ್ಥಾಪಕರಲ್ಲೊಬ್ಬರಾದ ಎನ್ರಿಕೊ ಕ್ವಾರಂಟೆಲ್ಲಿ ಸುಂಟರಗಾಳಿ, ಪ್ರವಾಹ, ಭೂಕಂಪಗಳನ್ನು ದಶಕಗಳ ಕಾಲ ಬೆನ್ನುಹತ್ತಿ ಕಂಡುಕೊಂಡದ್ದು: ದಿಕ್ಕೆಟ್ಟು ತುಳಿದಾಡುವುದು ಅಪರೂಪ, ಲೂಟಿ ಇನ್ನೂ ಅಪರೂಪ, ಮೊದಲು ಕೈಹಿಡಿದು ಎಳೆಯುವವರು ಪಕ್ಕದ ಮನೆಯವರೇ. ಇದನ್ನು ಹಾಗೆಹಾಗೇ ಗೇಮ್ ಮಾಡಿದರೆ ಆಟಗಾರ ದಿನವಿಡೀ ಗಂಜಿ ಬಡಿಸಬೇಕಾದೀತು. ಯಾರು ಕೊಂಡಾರು?

◆ ಆದರೆ ಕತ್ತಲೆ ಎಲ್ಲರನ್ನೂ ಸಂತರನ್ನಾಗಿಸುತ್ತದೆ ಎಂದೂ ನಂಬಬೇಡಿ. ನ್ಯೂಯಾರ್ಕ್ ನಗರದಲ್ಲಿ ಮೂರು ಸಲ ಭಾರಿ ಪ್ರಮಾಣದಲ್ಲಿ ಕರೆಂಟ್ ಹೋಗಿದೆ. 1965ರ ನವೆಂಬರ್‌ನಲ್ಲಿ ಜನ ಮೊಂಬತ್ತಿ ಹಚ್ಚಿ ಹರಟೆ ಹೊಡೆದರು. 2003ರ ಆಗಸ್ಟ್‌ನಲ್ಲಿ ಸಾವಿರಾರು ಮಂದಿ ಸೇತುವೆಗಳ ಮೇಲೆ ನಡೆದೇ ಮನೆ ಸೇರಿದರು. ನಡುವಿನ 1977ರ ಜುಲೈ 13ರ ರಾತ್ರಿ ಮಾತ್ರ 1,600ಕ್ಕೂ ಹೆಚ್ಚು ಅಂಗಡಿಗಳು ಲೂಟಿಯಾದವು, ಸಾವಿರಕ್ಕೂ ಹೆಚ್ಚು ಕಡೆ ಬೆಂಕಿ ಬಿತ್ತು, 3,700ಕ್ಕೂ ಹೆಚ್ಚು ಜನರ ಬಂಧನವಾಯಿತು. ಊರು ಅದೇ, ಕತ್ತಲೆ ಅದೇ. ಆದರೆ 1977ರಲ್ಲಿ ನಗರಪಾಲಿಕೆ ದಿವಾಳಿಯ ಅಂಚಿನಲ್ಲಿತ್ತು, ಪೊಲೀಸರನ್ನು ಕೆಲಸದಿಂದ ತೆಗೆಯಲಾಗಿತ್ತು, ಬಡ ಬಡಾವಣೆಗಳ ಹುಡುಗರಿಗೆ ಕೆಲಸವಿರಲಿಲ್ಲ.

◆ ಕೆನಡಾದ ಮಾಂಟ್ರಿಯಲ್‌ನಲ್ಲಿ 1969ರ ಅಕ್ಟೋಬರ್ 7ರಂದು ಪೊಲೀಸರೇ ಮುಷ್ಕರ ಹೂಡಿದರು. ದಿನ ಕಳೆಯುವುದರೊಳಗೆ ಬ್ಯಾಂಕ್ ದರೋಡೆ, ಅಂಗಡಿ ಲೂಟಿ, ಗುಂಡಿನ ಕಾಳಗ; ಪ್ರಾಂತೀಯ ಪೊಲೀಸ್ ಅಧಿಕಾರಿಯೊಬ್ಬ ಸತ್ತ. ಮೊಳೆ ಹೊಡೆದ ದೊಣ್ಣೆಯ ಪರ ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅಂದು ಗಲಭೆಯ ಕಿಡಿ ಹಾರಿದ್ದು ಎಲ್ಲಿಂದ ಗೊತ್ತೇ? ವಿಮಾನ ನಿಲ್ದಾಣದ ಬಾಡಿಗೆಯ ಏಕಸ್ವಾಮ್ಯ ಹಿಡಿದಿದ್ದ ಕಂಪನಿಯೊಂದರ ಮೇಲೆ ಟ್ಯಾಕ್ಸಿ ಚಾಲಕರಿಗಿದ್ದ ಹಳೆಯ ಸಿಟ್ಟಿನಿಂದ.

◆ ಇನ್ನು 1943ರ ಬಂಗಾಳ. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಕಲ್ಕತ್ತದಲ್ಲಿ ಆಹಾರ ತುಂಬಿದ ಅಂಗಡಿಗಳ ಎದುರೇ ಹಳ್ಳಿಗಾಡಿನಿಂದ ಬಂದವರು ಪ್ರಾಣ ಬಿಟ್ಟರು, ಅಂಗಡಿ ಒಡೆಯಲಿಲ್ಲ. ಅಮರ್ತ್ಯ ಸೇನ್ ತಮ್ಮ ಕ್ಷಾಮದ ಅಧ್ಯಯನದಲ್ಲಿ ಇದನ್ನು ಗುರುತಿಸಿದ್ದಾರೆ. ಹಸಿದ ಮನುಷ್ಯ ತಕ್ಷಣ ಮೃಗವಾಗುತ್ತಾನೆ ಎಂದು ಹೇಳುವ ಗೇಮ್ ಬರಹಗಾರರು ಈ ಒಂದು ಸಂಗತಿಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

◆ ‘ಡೇಝೀ’ ಎಂಬ ಗೇಮ್ ಹುಟ್ಟಿದ್ದು ಒಬ್ಬ ಸೈನಿಕನ ಹಸಿವಿನಿಂದ. ನ್ಯೂಜಿಲೆಂಡ್ ಸೇನೆಯಲ್ಲಿದ್ದ ಡೀನ್ ಹಾಲ್, ಬ್ರೂನೈ ಕಾಡಿನ ತರಬೇತಿಯಲ್ಲಿ ಅನ್ನ-ನೀರಿಲ್ಲದೆ ಬಸವಳಿದ ಅನುಭವವನ್ನೇ 2012ರಲ್ಲಿ ಗೇಮ್ ಮಾಡಿದ. ಇಲ್ಲಿ ಕಂಪ್ಯೂಟರ್ ಆಡಿಸುವ ಡಕಾಯಿತರಿಲ್ಲ. ಎದುರು ಬರುವ ಮನುಷ್ಯರೆಲ್ಲ ಎಲ್ಲೋ ಕೂತು ಆಡುತ್ತಿರುವ ನಿಜ ಆಟಗಾರರು. ನಿಮ್ಮ ಬಳಿ ಒಂದು ಡಬ್ಬಿ ಬೀನ್ಸ್ ಇದೆ. ಕೊಟ್ಟಿಗೆಯ ಬಾಗಿಲಲ್ಲಿ ಇನ್ನೊಬ್ಬ ನಿಂತಿದ್ದಾನೆ. ಮೈಕ್‌ನಲ್ಲಿ ‘ಫ್ರೆಂಡ್ಲಿ, ಫ್ರೆಂಡ್ಲಿ’ ಎನ್ನುತ್ತಿದ್ದಾನೆ, ಕೈ ಮೇಲೆತ್ತಿದ್ದಾನೆ. ನೀವು ಬೆನ್ನು ತಿರುಗಿಸಿದಿರೋ, ಢಂ. ಕಂಡ ಕೂಡಲೇ ಹೊಡೆಯುವ ಈ ಚಾಳಿಗೆ ಗೇಮರ್‌ಗಳು ‘ಕೆಒಎಸ್’ ಎನ್ನುತ್ತಾರೆ.

ನೋಡಿದಿರಾ, ಮನುಷ್ಯ ಅಂದರೆ ಇಷ್ಟೇ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೊಂದವನಿಗೆ ಅಲ್ಲಿ ಹೆಸರಿಲ್ಲ, ನಾಳೆ ಮುಖ ನೋಡಬೇಕಾದ ನೆರೆಮನೆಯಿಲ್ಲ, ಮಗುವಿಲ್ಲ, ಮುಪ್ಪಿಲ್ಲ. ಸತ್ತವನು ಕೂಡಲೇ ಕಡಲ ದಂಡೆಯಲ್ಲಿ ಹೊಸ ಜನ್ಮ ಎತ್ತುತ್ತಾನೆ. ಸಾವು ಇಷ್ಟು ಅಗ್ಗವಾದರೆ ಕೊಲೆಯೂ ಅಗ್ಗ.

◆ ‘ರಸ್ಟ್’ (2013) ಗೇಮ್‌ನಲ್ಲಿ ಬೆತ್ತಲೆ ಮೈ, ಕೈಯಲ್ಲೊಂದು ಕಲ್ಲು, ಒಂದು ಪಂಜು, ಇಷ್ಟರಿಂದ ಬದುಕು ಶುರು. ನೀವು ಕಂಪ್ಯೂಟರ್ ಆರಿಸಿ ಮಲಗಿದರೂ ನಿಮ್ಮ ಪಾತ್ರ ಆ ಲೋಕದಲ್ಲೇ ನಿದ್ದೆ ಹೊಡೆಯುತ್ತಾ ಬಿದ್ದಿರುತ್ತದೆ. ಕಳ್ಳರು ಕಾಯುವುದು ಆ ಹೊತ್ತಿಗೇ. ಕನ್ನ ಹಾಕಲು ಮಾಲೀಕ ಮಲಗಿರಬೇಕು ಎಂಬುದು ಲೋಕಕ್ಕೆಲ್ಲ ಗೊತ್ತಿರುವ ಸತ್ಯ. ಈ ಒಂದು ಅಂಶದಲ್ಲಿ ರಸ್ಟ್ ಅಪ್ಪಟ ವಾಸ್ತವ. ಪಾತ್ರದ ಮೈಬಣ್ಣ, ಗಂಡೋ ಹೆಣ್ಣೋ ಎಂಬುದನ್ನೂ ಗೇಮ್ ತಾನೇ ನಿರ್ಧರಿಸುತ್ತದೆ, ಬದಲಿಸಲು ಬಿಡುವುದಿಲ್ಲ.

◆ ನಿಯಮ ಬದಲಿಸಿದರೆ ಅದೇ ಗೇಮರ್ ಏನಾಗುತ್ತಾನೆ? 2018ರ ‘ಫಾಲ್‌ಔಟ್ 76’ ನೋಡಿ. ಮೊದಲು ಬಂದಾಗ ಅದರಲ್ಲಿ ಕಂಪ್ಯೂಟರ್ ಆಡಿಸುವ ಮನುಷ್ಯ ಪಾತ್ರಗಳೇ ಇರಲಿಲ್ಲ, ಇದ್ದವರೆಲ್ಲ ಆಟಗಾರರು. ಒಬ್ಬರನ್ನೊಬ್ಬರು ಸುಲಿದು ತಿನ್ನುತ್ತಾರೆ ಎಂದು ಎಲ್ಲರೂ ಹೆದರಿದ್ದರು. ಕಂಪನಿ ಎರಡು ಸಣ್ಣ ಗೂಟ ಹೊಡೆದಿತ್ತು: ಎದುರಾಳಿ ತಿರುಗಿ ಹೊಡೆಯದಿದ್ದರೆ ನಿಮ್ಮ ಏಟಿಗೆ ಬಲವಿಲ್ಲ, ಆದರೂ ಕೊಂದರೆ ನಿಮ್ಮ ತಲೆಗೆ ಬೆಲೆ ಕಟ್ಟಿ ನಕಾಶೆಯಲ್ಲಿ ಎಲ್ಲರಿಗೂ ತೋರಿಸಲಾಗುತ್ತದೆ. ಆಮೇಲೆ ಆದದ್ದೇ ಬೇರೆ. ಪಳಗಿದ ಆಟಗಾರರು ಹೊಸಬರನ್ನು ಹುಡುಕಿಕೊಂಡು ಬಂದು ಔಷಧಿ, ನೀರು, ಬಂದೂಕು ಕೈಗಿಟ್ಟು ಕೈಬೀಸಿ ಹೋಗತೊಡಗಿದರು. ಮೈಕ್ ಇಲ್ಲದವರು ಕುಣಿದು ತೋರಿಸಿ ಸ್ನೇಹ ಹೇಳಿದರು. ಗೇಮ್‌ಗೆ ವಿಮರ್ಶಕರು ಮಂಗಳಾರತಿ ಎತ್ತಿದರು, ಅದು ಬೇರೆ ಮಾತು.

◆ ಲೋಕ ನಾಳೆ ಮುಗಿಯುತ್ತದೆ ಎಂದು ಖಚಿತವಾಗಿ ಗೊತ್ತಿದ್ದರೆ? ದಕ್ಷಿಣ ಕೊರಿಯಾದ ‘ಆರ್ಕ್‌ಏಜ್’ ಗೇಮ್‌ನ ಪರೀಕ್ಷಾರ್ಥ ಆವೃತ್ತಿ ಮುಗಿಯುವ ದಿನ ಎಲ್ಲರ ಗಳಿಕೆಯೂ ಅಳಿಸಿಹೋಗುವುದಿತ್ತು. ಸಂಶೋಧಕರು ಆ ಲೋಕದ ಆಟಗಾರರ ವರ್ತನೆಯ ಸುಮಾರು 27 ಕೋಟಿ ದಾಖಲೆಗಳನ್ನು ಜಾಲಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆರಳೆಣಿಕೆಯ ಕೆಲವರು ಕೊಲೆಗಿಳಿದದ್ದು ನಿಜ. ಆದರೆ ಊರಿಗೆ ಊರೇ ಹುಚ್ಚಾಗಲಿಲ್ಲ. ಕೊನೆಯ ದಿನಗಳಲ್ಲಿ ಎದ್ದು ಕಂಡ ಬದಲಾವಣೆ ಸೋಮಾರಿತನ: ವಹಿಸಿಕೊಂಡ ಕೆಲಸ ಮುಗಿಸುವುದು, ಕೌಶಲ ಬೆಳೆಸಿಕೊಳ್ಳುವುದು ಥಟ್ಟನೆ ಕುಸಿಯಿತು. ಪರೀಕ್ಷೆ ರದ್ದಾದ ಸುದ್ದಿ ಕೇಳಿದ ಹಾಸ್ಟೆಲ್‌ನಂತೆ.

◆ 2005ರ ಸೆಪ್ಟೆಂಬರ್‌ನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಗೇಮ್‌ನಲ್ಲಿ ಒಂದು ದೋಷದಿಂದ ‘ಕರಪ್ಟೆಡ್ ಬ್ಲಡ್’ ಎಂಬ ಶಾಪ ಸಾಂಕ್ರಾಮಿಕವಾಗಿ ಪೇಟೆಗಳಿಗೆ ಹಬ್ಬಿತು. ವೈದ್ಯ ಪಾತ್ರಧಾರಿಗಳು ತಾವಾಗಿಯೇ ಬಂದು ಶುಶ್ರೂಷೆಗೆ ನಿಂತರು. ಕೆಲವರು ಬೇಕೆಂದೇ ಅಂಟಿಸಿಕೊಂಡು ಜನಜಂಗುಳಿಗೆ ನುಗ್ಗಿದರು. ಇನ್ನು ಕೆಲವರು ‘ಏನಾಗ್ತಿದೆ ನೋಡೋಣ’ ಅಂತ ಬಂದು ಸತ್ತರು. ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ 2007ರಲ್ಲಿ ಇದರ ಬಗ್ಗೆ ‘ಲ್ಯಾನ್ಸೆಟ್’ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮೂರನೆಯ ಬಗೆಯವರನ್ನು ನಾವು 2020ರಲ್ಲಿ ಕಣ್ಣಾರೆ ಕಂಡೆವು.

◆ ಅಪರಾಧದ ವಿಷಯದಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಲರ್ಹ ಗೇಮ್ ಪೋಲೆಂಡಿನ ‘ದಿಸ್ ವಾರ್ ಆಫ್ ಮೈನ್’ (2014). ಇಲ್ಲಿ ನೀವು ಯೋಧನಲ್ಲ. ಮುತ್ತಿಗೆಗೆ ಸಿಕ್ಕ ಊರಿನ ಅಡುಗೆಭಟ್ಟ, ಫುಟ್‌ಬಾಲ್ ಆಟಗಾರ, ವರದಿಗಾರ್ತಿ. ಹಗಲು ಹೊರಗೆ ಕಾಲಿಟ್ಟರೆ ಬಂದೂಕುಧಾರಿಗಳು ಹೊಂಚುಹಾಕಿದ್ದಾರೆ. ರಾತ್ರಿ ಯಾರಾದರೊಬ್ಬರು ಜೋಳಿಗೆ ಹಿಡಿದು ಹೊರಡಬೇಕು.

ಒಂದು ಮನೆಯಿದೆ. ಒಳಗೆ ವಯಸ್ಸಾದ ಗಂಡ, ಹೆಂಡತಿ. ಅಡುಗೆಮನೆಯಲ್ಲಿ ಊಟದ ಸಾಮಾನು, ಔಷಧಿ. ಬಾಗಿಲು ಕಾಯುವವರಿಲ್ಲ, ಆಯುಧವಿಲ್ಲ. ನೀವು ಕಪಾಟು ತೆರೆದರೆ ಮುದುಕ ಹಿಂದೆಹಿಂದೆಯೇ ಬಂದು ಬೇಡಿಕೊಳ್ಳುತ್ತಾನೆ, ಅಷ್ಟೇ. ತಡೆಯುವ ಶಕ್ತಿ ಅವನಿಗಿಲ್ಲ. ಎಲ್ಲವನ್ನೂ ತುಂಬಿಕೊಂಡು ಮನೆಗೆ ಬಂದಿರೆನ್ನಿ. ಅಂಕ ಕಡಿತವಾಗುವುದಿಲ್ಲ, ಪೊಲೀಸ್ ಬರುವುದಿಲ್ಲ. ಆದರೆ ಕದ್ದವನ ಮುಖ ಬಾಡುತ್ತದೆ. ನಡಿಗೆ ನಿಧಾನವಾಗುತ್ತದೆ. ಊಟ ತಿಂದವರೂ ಮಂಕಾಗುತ್ತಾರೆ. ಕೆಲವರು ಕುಸಿದು ಕೂತು ಮೇಲೇಳುವುದೇ ಇಲ್ಲ. ಚಿತ್ರಗುಪ್ತನ ಲೆಕ್ಕಕ್ಕಿಂತ ಇದು ಎಷ್ಟೋ ಪಾಲು ಖರೆ. 2020ರಲ್ಲಿ ಪೋಲೆಂಡ್ ಸರ್ಕಾರ ಈ ಗೇಮನ್ನು ದೊಡ್ಡ ತರಗತಿಯ ವಿದ್ಯಾರ್ಥಿಗಳ ಓದುಪಟ್ಟಿಗೇ ಸೇರಿಸಿತು.

◆ ಈ ಗೇಮ್‌ಗೆ ಮೂಲ ಬೋಸ್ನಿಯಾದ ಸರಾಯೆವೊ ನಗರ. 1992ರಿಂದ 1996ರವರೆಗೆ, 1,425 ದಿನ ಮುತ್ತಿಗೆಯಲ್ಲಿತ್ತು. ಅಲ್ಲಿನ ಅಪರಾಧಿಗಳನ್ನು ಗೇಮ್‌ನಲ್ಲಿ ತೋರಿಸಿದರೆ ‘ಕಥೆ ಗೋಜಲಾಯ್ತು’ ಅನ್ನುತ್ತೀರಿ. ‘ತ್ಸಾತ್ಸೊ’ ಎಂದೇ ಹೆಸರಾದ ಮುಶಾನ್ ತೊಪಾಲೊವಿಚ್ ಯುದ್ಧಕ್ಕೆ ಮೊದಲು ವಾದ್ಯ ನುಡಿಸುತ್ತಿದ್ದವನು. ಯುದ್ಧದಲ್ಲಿ ನಗರ ಕಾಯುವ ಸೇನಾ ತುಕಡಿಯ ದಂಡನಾಯಕನಾದ, ಜನರ ಕಣ್ಣಲ್ಲಿ ವೀರನಾದ. ಅದೇ ಹೊತ್ತಿಗೆ ಸುಲಿಗೆಯನ್ನೂ ಮಾಡಿದ, ಬೀದಿಯಿಂದ ಜನರನ್ನು ಎಳೆದೊಯ್ದು ಕಂದಕ ತೋಡಿಸಿದ, ಅವನ ಕಡೆಯವರು ನಗರದ ಸರ್ಬ್ ನಾಗರಿಕರನ್ನು ಕೊಂದರು. 1993ರ ಅಕ್ಟೋಬರ್‌ನಲ್ಲಿ ಬೋಸ್ನಿಯಾ ಸರ್ಕಾರವೇ ಅವನ ಮೇಲೆ ಕಾರ್ಯಾಚರಣೆ ಮಾಡಿತು. ಸೆರೆ ಸಿಕ್ಕವನು ಹೆಣವಾದ. ವೀರ, ದರೋಡೆಕೋರ, ಕೊಲೆಗಾರ ಮೂರೂ ಒಬ್ಬನೇ. ಇವನ ಕರ್ಮದ ಮೀಟರ್ ಎಲ್ಲಿ ನಿಲ್ಲಬೇಕು?

◆ ಅದೇ ವರ್ಷ ಸರಾಯೆವೊ ವಿಮಾನ ನಿಲ್ದಾಣದ ಅಡಿಯಲ್ಲಿ ಸುಮಾರು 800 ಮೀಟರ್ ಸುರಂಗ ತೋಡಿದರು. ಗಾಯಾಳುಗಳು, ಬಂದೂಕು, ಹಿಟ್ಟು, ಸಿಗರೇಟು ಎಲ್ಲವೂ ಓಡಾಡಿದ್ದು ಅದೇ ಬಿಲದಲ್ಲಿ. ಊರನ್ನು ಉಳಿಸಿದ್ದೂ ಅದೇ, ಕಾಳಸಂತೆಕೋರರನ್ನು ಕೊಬ್ಬಿಸಿದ್ದೂ ಅದೇ.

◆ ಹಣ ಸತ್ತ ಮೇಲೆ ಏನು ಹಣವಾಗುತ್ತದೆ? ಫಾಲ್‌ಔಟ್‌ನಲ್ಲಿ ಸೋಡಾ ಬಾಟಲಿಯ ಮುಚ್ಚಳ. ಮೊದಲ ಗೇಮ್‌ನಲ್ಲಿ ಅದಕ್ಕೆ ಬೆಲೆ ಬರಲು ಕಾರಣ, ನೀರು ಮಾರುವ ವ್ಯಾಪಾರಿಗಳು ಅದನ್ನು ಒಪ್ಪುತ್ತಿದ್ದರು. ಎರಡನೆಯ ಗೇಮ್‌ನಲ್ಲಿ ಸರ್ಕಾರ ಹುಟ್ಟಿ ನಾಣ್ಯ ಬಂತು, ಮುಚ್ಚಳ ಮೂರು ಕಾಸಿಗೂ ಬೇಡವಾಯಿತು. ‘ಮೆಟ್ರೊ 2033’ರಲ್ಲಿ ಒಳ್ಳೆಯ ಗುಂಡುಗಳೇ ದುಡ್ಡು; ಹೊಡೆಯುವಾಗಲೆಲ್ಲ ಜೇಬು ಖಾಲಿ. ನಿಜ ಜೀವನದಲ್ಲಿ ಗೆದ್ದದ್ದು ಸಿಗರೇಟು. ಎರಡನೆಯ ಮಹಾಯುದ್ಧದ ಸೆರೆಶಿಬಿರದಲ್ಲಿದ್ದ ಅರ್ಥಶಾಸ್ತ್ರಜ್ಞ ಆರ್.ಎ. ರ್‍ಯಾಡ್‌ಫರ್ಡ್ ಅಲ್ಲಿ ಸಿಗರೇಟಿನ ಲೆಕ್ಕದಲ್ಲಿ ಸಾಮಾನುಗಳ ಬೆಲೆ ಏರಿಳಿದ ಬಗ್ಗೆ 1945ರಲ್ಲೇ ಲೇಖನ ಬರೆದ. ರೆಡ್‌ಕ್ರಾಸ್ ಸಿಗರೇಟು ಬಂದಾಗ ಸಾಮಾನಿನ ಬೆಲೆ ಏರಿಕೆ, ಸೇದಿ ಮುಗಿಸಿದಂತೆ ಇಳಿಕೆ.

◆ ‘ಸ್ಟಾಕರ್’ (2007) ಗೇಮ್‌ನ ಚೆರ್ನೋಬಿಲ್ ವಲಯದಲ್ಲಿ ಭೂತಚೇಷ್ಟೆಗಳಿವೆ. 1986ರಲ್ಲಿ ಜನ ಬಿಟ್ಟುಹೋದ ನಿಜವಾದ ಪ್ರಿಪ್ಯಾತ್ ಊರಿನಲ್ಲಿ ಇದ್ದದ್ದು ಮನೆಸಾಮಾನು, ಲೋಹದ ಗುಜರಿ ಕದಿಯುವವರು. ವಿಕಿರಣ ಅಂಟಿದ ಸಾಮಾನೇ ಹೊರಗೆ ಮಾರಾಟವಾಯಿತು. ಕೊಂಡವರಿಗೆ ವಿಕಿರಣ ಕಾಣುವುದಿಲ್ಲವಲ್ಲ.

◆ ‘ಡೆತ್ ಸ್ಟ್ರ್ಯಾಂಡಿಂಗ್’ (2019) ಗೇಮ್‌ನಲ್ಲಿ ಅದನ್ನು ರೂಪಿಸಿದ ಹಿದೆಯೊ ಕೊಜಿಮಾ ಕೊಟ್ಟ ಮುಖ್ಯ ಕೆಲಸ ಕೊರಿಯರ್ ಹೊರುವುದು. ನೀವು ಹಳ್ಳಕ್ಕೆ ಒರಗಿಸಿಟ್ಟ ಏಣಿ, ಕಟ್ಟಿದ ಸೇತುವೆ ಮುಖ ನೋಡದ ಇನ್ನೊಬ್ಬ ಆಟಗಾರನಿಗೆ ದಾರಿಯಾಗುತ್ತದೆ. ಪ್ರತಿಫಲ ಒಂದು ‘ಲೈಕ್’. ಗೇಮ್ ಬಂದ ಕೆಲವೇ ತಿಂಗಳಿಗೆ ಲಾಕ್‌ಡೌನ್ ಆಗಿ, ಲೋಕವೆಲ್ಲ ಕೊರಿಯರ್ ಹುಡುಗರ ದಾರಿ ಕಾಯುತ್ತಾ ಕೂತಿತು.

◆ 1965ರಲ್ಲಿ ಟೋಂಗಾದ ಆರು ಹುಡುಗರು ಶಾಲೆ ಬೇಸರವಾಗಿ ದೋಣಿಯೊಂದನ್ನು ಕದ್ದು ಸಮುದ್ರಕ್ಕಿಳಿದರು. ಬಿರುಗಾಳಿಗೆ ಸಿಕ್ಕು ಅಟಾ ಎಂಬ ನಿರ್ಜನ ದ್ವೀಪ ಸೇರಿ, 15 ತಿಂಗಳು ಅಲ್ಲೇ ಬದುಕಿದರು. ಒಬ್ಬನ ಕಾಲು ಮುರಿದಾಗ ಉಳಿದವರು ಮೂಳೆ ಕೂಡಿಸಿ ಕಟ್ಟಿದರು, ಹಚ್ಚಿದ ಬೆಂಕಿ ಆರದಂತೆ ಪಾಳಿ ಹಾಕಿದರು. ಮಾತಿಗೆ ಮಾತು ಬೆಳೆದರೆ ಇಬ್ಬರೂ ದ್ವೀಪದ ಆ ತುದಿ, ಈ ತುದಿಗೆ ಹೋಗಿ ತಣ್ಣಗಾಗಿ ಬರಬೇಕು. 1966ರಲ್ಲಿ ಪೀಟರ್ ವಾರ್ನರ್ ಎಂಬ ನಾವಿಕ ಕಂಡು ಕರೆತಂದ. ಊರು ಸೇರುತ್ತಲೇ ಪೊಲೀಸರು ಆರೂ ಮಂದಿಯನ್ನು ಒಳಗೆ ಹಾಕಿದರು, ದೋಣಿ ಕದ್ದ ಕೇಸಿನಲ್ಲಿ.

◆ ಕತ್ರಿನಾ ಚಂಡಮಾರುತದ ನಿಜವಾದ ಭಾರಿ ಅಪರಾಧ ಯಾವುದು ಗೊತ್ತೇ? ಪರಿಹಾರದ ಅರ್ಜಿ. ಮುಳುಗದ ಮನೆ ಮುಳುಗಿತೆಂದವರು, ಆ ಊರಿನಲ್ಲಿ ಎಂದೂ ಇರದವರು, ದೇಣಿಗೆ ಎತ್ತಲು ನಕಲಿ ವೆಬ್‌ಸೈಟ್ ತೆರೆದವರು. ಅಮೆರಿಕ ಸರ್ಕಾರ 2005ರ ಸೆಪ್ಟೆಂಬರ್‌ನಲ್ಲೇ ಇದಕ್ಕಾಗಿ ವಿಶೇಷ ಕಾರ್ಯಪಡೆ ರಚಿಸಿತು. ಮುಂದಿನ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆ ಬಿತ್ತು. ಇವರಲ್ಲಿ ಯಾರೂ ಮೈಗೆ ಟಯರ್ ಕಟ್ಟಿಕೊಂಡಿರಲಿಲ್ಲ, ಬಾಲ್‌ಪೆನ್ ಹಿಡಿದಿದ್ದರು. ಸುಳ್ಳು ಫಾರಂ ತುಂಬುವ ವಿಲನ್‌ನನ್ನು ನಾನಂತೂ ಯಾವ ಪ್ರಳಯದ ಗೇಮ್‌ನಲ್ಲೂ ಕಂಡಿಲ್ಲ.